ಕಾಲಿಲ್ಲದ ಬೇಸಿನ್ ಸ್ಲ್ಯಾಬಿಗೆ ಎರಡು ಬ್ರಾಕೆಟ್ ಸಾಕಾ?

ಪ್ರಶ್ನೆ: ನಮ್ಮ ಹಳೆ ಮನೆಯ ಎರಡು ಕೋಣೆಗಳನ್ನು ಹೋಂಸ್ಟೇ ಮಾಡುತ್ತಿದ್ದೇವೆ. ಬಾತ್‌ರೂಮಿನಲ್ಲಿ 4 ಅಡಿ ಉದ್ದ, 20 ಇಂಚು ಅಗಲದ ಗ್ರಾನೈಟ್ ಸ್ಲ್ಯಾಬ್ ಕೂರಿಸಿ ಮೇಲೆ ಬೇಸಿನ್ ಇಡುವ ಯೋಚನೆ. ನೆಲ ಒರೆಸಲು ಸುಲಭ ಅಂತ ಕೆಳಗೆ ಕಾಲು, ಕಪಾಟು ಬೇಡ. ವೆಲ್ಡಿಂಗ್‌ನವರು ಎರಡು ಎಲ್ ಬ್ರಾಕೆಟ್ ಸಾಕು ಅನ್ನುತ್ತಾರೆ. ತೋಟದ ಸಿಲ್ವರ್ ಓಕ್ ಹಲಗೆಗಳೂ ಇವೆ. ಅದರಲ್ಲೇ ಮಾಡಬಹುದಾ?
– ಓದುಗರು, ಮಡಿಕೇರಿ

ಉತ್ತರ: ಮೊದಲು ಗೋಡೆ ಎಂಥದ್ದು ಅಂತ ನೋಡಿ. ಹಳೆ ಮನೆಯಲ್ಲಿ ಒಂದು ಕಡೆ ಮಣ್ಣಿನ ಗೋಡೆ ಇರುತ್ತದೆ, ಇನ್ನೊಂದು ಕಡೆ ಬಾತ್‌ರೂಮಿಗೆ ಅಂತ ಆಮೇಲೆ ಎಬ್ಬಿಸಿದ 4 ಇಂಚಿನ ಬ್ಲಾಕ್ ಗೋಡೆ. ಟೈಲ್ಸ್ ಹಾಕಿದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ನೀರಿನ ಪೈಪ್ ಇಲ್ಲದ ಕಡೆ ಸಣ್ಣ ತೂತು ಕೊರೆಸಿ. ಬೂದು ಪುಡಿ ಬಂದರೆ ಸಿಮೆಂಟ್ ಬ್ಲಾಕ್, ಗಟ್ಟಿಯಾಗಿದ್ದು ಕೆಂಪು ಪುಡಿ ಬಂದರೆ ಇಟ್ಟಿಗೆ. ಬಿಟ್ ಸಲೀಸಾಗಿ ಇಳಿಯುತ್ತಾ ಹೋದರೆ ಮಣ್ಣು. ಸ್ವಲ್ಪ ಕೊರೆದ ಮೇಲೆ ದಡಕ್ಕನೆ ಒಳಗೆ ಹೋದರೆ ಒಳಗೆ ಟೊಳ್ಳಿರುವ ಹಾಲೋ ಬ್ಲಾಕ್.

ಇನ್ನು ಭಾರದ ವಿಷಯ. 20 ಮಿ.ಮೀ. ದಪ್ಪದ ಈ ಸ್ಲ್ಯಾಬ್ ಸುಮಾರು 33 ಕಿಲೋ ತೂಗುತ್ತದೆ. ಬೇಸಿನ್ನಿಗೆ 12 ಕಿಲೋ ಹಿಡಿಯೋಣ. ಇಷ್ಟೇ ಆದರೆ ಚಿಂತೆ ಇಲ್ಲ. ಆದರೆ ಅತಿಥಿಗಳು ಮುಂದಿನ ಅಂಚಿನ ಮೇಲೆ ಕೂತು ಶೂ ಹಾಕಿಕೊಳ್ಳುತ್ತಾರೆ, ನೋಡ್ತಿರಿ! 70 ಕಿಲೋದ ಒಬ್ಬರು ಹಾಗೆ ಕೂತರೆ ಮೇಲಿನ ಬೋಲ್ಟನ್ನು ಗೋಡೆಯಿಂದ ಕೀಳುವಂಥ ಎಳೆತ ಬೀಳುತ್ತದೆ. ಬ್ರಾಕೆಟ್ ಗೋಡೆಗೆ ಒರಗುವ ಉದ್ದ 12 ಇಂಚು ಇದ್ದರೆ ಒಂದೊಂದು ಬ್ರಾಕೆಟ್ಟಿಗೆ ಸುಮಾರು 80 ಕಿಲೋ ಎಳೆತ. 4 ಇಂಚಷ್ಟೇ ಇದ್ದರೆ ಅದರ ಮೂರು ಪಟ್ಟು! ಅಂಗಡಿಯಲ್ಲಿ ಸಿಗುವ ಗಿಡ್ಡ ಎಲ್ ಬ್ರಾಕೆಟ್ ಬೇಡ ಅನ್ನುವುದು ಇದಕ್ಕೇ.

ಒಂದೂವರೆ ಇಂಚಿನ ಚೌಕ ಪೈಪಿನಲ್ಲಿ, ಓರೆ ಆಸರೆ ಇರುವ ಎರಡು ತ್ರಿಕೋನ ಮಾಡಿಸಿ. ಮೇಲಿನ ತೋಳು 16 ಇಂಚು, ಗೋಡೆಗೆ ಒರಗುವ ಭಾಗ 12 ಇಂಚು. ಮುಂದೆ, ಹಿಂದೆ ಅಡ್ಡ ಪೈಪ್ ಬೆಸೆದು ಚೌಕಟ್ಟು ಮಾಡಿದರೆ ಸ್ಲ್ಯಾಬ್ ನಡುವೆ ಬಿರುಕು ಬಿಡುವ ಭಯವೂ ಕಡಿಮೆ. ಬೇಸಿನ್ನಿನ ಕೊಳವೆಗೆ ಜಾಗ ಬಿಡುವುದನ್ನು ಮರೆಯಬೇಡಿ.

ಟೈಲ್ಸ್ ಮತ್ತು ಗಾರೆಗೆ ಹಿಡಿತ ಇಲ್ಲ. ಅವುಗಳ ದಪ್ಪ ಲೆಕ್ಕಕ್ಕೆ ಹಿಡಿಯದೆ, 10 ಮಿ.ಮೀ. ಬೋಲ್ಟ್ ಇಟ್ಟಿಗೆ ಅಥವಾ ಸಾಲಿಡ್ ಬ್ಲಾಕಿನೊಳಗೇ ಎರಡೂವರೆ ಇಂಚಾದರೂ ಹೋಗಬೇಕು. ಹಾಲೋ ಬ್ಲಾಕಿನಲ್ಲಿ, ತೂತಿನೊಳಗೆ ಹಿಗ್ಗಿ ಹಿಡಿಯುವ ಸಾದಾ ಆಂಕರ್ ಬೋಲ್ಟ್ ನಿಲ್ಲುವುದಿಲ್ಲ. ತೂತಿಗೆ ಜಾಲರಿ ಕೊಳವೆ (ಮೆಶ್ ಸ್ಲೀವ್) ತೂರಿಸಿ, ಬೋಲ್ಟನ್ನು ಅಂಟಿನಿಂದ ಹಿಡಿಸುವ ಕೆಮಿಕಲ್ ಆಂಕರ್ ಬಳಸಿ. 4 ಇಂಚಿನ ಗೋಡೆಯಾದರೆ ಆರಪಾರ ಬೋಲ್ಟ್ ಹಾಕಿ ಆ ಕಡೆ ಕಬ್ಬಿಣದ ಪ್ಲೇಟ್ ಕೊಟ್ಟು ಬಿಗಿಯುವುದೇ ನನಗೆ ಇಷ್ಟ. ಮಣ್ಣಿನ ಗೋಡೆಯಾದರೆ ನೇತುಹಾಕುವ ಆಸೆ ಬಿಡಿ. ಮುಂದೆ ಎರಡು ಕಾಲು ಕೊಡಿಸಿ, ಒರೆಸುವವರು ಸುತ್ತ ಒರೆಸುತ್ತಾರೆ.

ಸಿಲ್ವರ್ ಓಕ್ ಇಲ್ಲಿಗೆ ಬೇಡವೇ ಬೇಡ. ಒದ್ದೆ ಜಾಗದಲ್ಲಿ ಬೇಗ ಲಡ್ಡಾಗುತ್ತದೆ. ಕೋಣೆಯೊಳಗಿನ ಕಪಾಟಿಗೆ ಬಳಸಿ.

ಪ್ರಶ್ನೆ: ಬೇಸಿನ್ ಕೆಳಗಿನ ಕಬ್ಬಿಣದ ಬ್ರಾಕೆಟ್ಟಿಗೆ ಬಣ್ಣ ಹೊಡೆಸಿದರೂ ಪ್ರತಿ ಮಳೆಗಾಲ ತುಕ್ಕು ಹಿಡಿಯುತ್ತದೆ. ಏನು ಮಾಡುವುದು?
– ಓದುಗರು, ವಿರಾಜಪೇಟೆ

ಉತ್ತರ: ಬಣ್ಣ ಬಿದ್ದಿರುವುದು ಕಾಣುವ ಕಡೆಗೆ ಮಾತ್ರ, ಅಲ್ವಾ? ಸ್ಲ್ಯಾಬ್ ಮತ್ತು ಗೋಡೆಯ ಸಂದಿಯಿಂದ ಇಳಿದ ನೀರು ಬ್ರಾಕೆಟ್ಟಿನ ಮೇಲ್ಮೈಯಲ್ಲಿ ನಿಲ್ಲುತ್ತದೆ. ಆ ಸಂದಿಗೆ ಸಿಲಿಕೋನ್ ತುಂಬಿಸಿ. ಜನವರಿ–ಮಾರ್ಚ್ ನಡುವೆ, ಗಾಳಿ ಒಣಗಿರುವಾಗ, ತಂತಿ ಬ್ರಶ್ಶಿನಿಂದ ತುಕ್ಕನ್ನು ಪೂರ್ತಿ ಉಜ್ಜಿ ತೆಗೆದು ಎರಡು ಕೋಟ್ ಪ್ರೈಮರ್ ಹಾಕಿಸಿ, ಆಮೇಲೆ ಬಣ್ಣ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಪದರ ಪದರವಾಗಿ ಉದುರಿದರೆ ಸುಮ್ನೆ ಬಣ್ಣಕ್ಕೆ ದುಡ್ಡು ಹಾಕಬೇಡಿ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದನ್ನು ಮಾಡಿಸಿ. ಬೋಲ್ಟೂ ಅದರದ್ದೇ ಇರಲಿ.