ಕ್ಲಾಸಿನಲ್ಲಿ ಮೊಬೈಲ್, ಲ್ಯಾಪ್‌ಟಾಪ್ ಪೂರ್ತಿ ಬೇಡ ಎಂದುಬಿಡಲಾ?

ಈ ವರ್ಷ ಅತಿಥಿ ಉಪನ್ಯಾಸಕನಾಗಿ ಸೇರಿದ್ದೇನೆ, ಪಾಠದ ಮಧ್ಯೆ ಅರ್ಧ ಕ್ಲಾಸು ಮೊಬೈಲ್ ನೋಡುತ್ತಿರುತ್ತದೆ, ಕೆಲವರು ಲ್ಯಾಪ್‌ಟಾಪ್ ಬೇರೆ ತರುತ್ತಾರೆ, ಎಲ್ಲಾ ನಿಲ್ಲಿಸಿಬಿಡಲಾ ಅಂತ ಕೇಳಿದ್ದೀರಿ. ನಾನು ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಪದವಿ ಕಾಲೇಜಿನಲ್ಲಿ 14 ವರ್ಷದಿಂದ ಭೌತಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಮೊದಲೆಲ್ಲಾ ನಾನೂ ಕ್ಲಾಸಿಗೆ ಫೋನೇ ಬೇಡ ಅನ್ನುತ್ತಿದ್ದೆ. ಈಗ ಅನ್ನುವುದಿಲ್ಲ. ಅದಕ್ಕೆ ಕಾರಣ ಒಬ್ಬ ಹುಡುಗಿ.

ಮೊದಲ ವರ್ಷದ ಬಿ.ಎಸ್ಸಿ. ತರಗತಿ. ಮೊಮೆಂಟ್ ಆಫ್ ಇನರ್ಶಿಯ ಪಾಠ, ಅಂದರೆ ಒಂದು ವಸ್ತುವನ್ನು ಅಕ್ಷದ ಸುತ್ತ ತಿರುಗಿಸುವುದು ಎಷ್ಟು ಕಷ್ಟ ಅನ್ನುವ ಅಳತೆ. ಮೂರನೇ ಬೆಂಚಿನಲ್ಲಿ ಅವಳು ಡೆಸ್ಕಿನ ಕೆಳಗೆ ಫೋನ್ ಹಿಡಿದುಕೊಂಡಿದ್ದಳು. ಎಲ್ಲರ ಎದುರು ಕಿತ್ತುಕೊಂಡು ಮೇಜಿನ ಮೇಲಿಟ್ಟೆ. ನಾಲ್ಕು ಮಾತು ಬೈದೂಬಿಟ್ಟೆ. ಗಂಟೆ ಹೊಡೆದ ಮೇಲೆ ಬಂದು ಫೋನ್ ತೆಗೆದುಕೊಳ್ಳುವಾಗ ಮೆಲ್ಲಗೆ ಹೇಳಿದಳು. 'ಆರ್ಬಿಟ್ರರಿ' ಅಂದರೆ ಏನು ಅಂತ ಹುಡುಕುತ್ತಿದ್ದೆ ಸಾರ್ ಅಂದಳು. ಹಳ್ಳಿ ಶಾಲೆಯಲ್ಲಿ ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದವಳು. ಮೊಮೆಂಟ್ ಆಫ್ ಇನರ್ಶಿಯ ಏನು ಅಂತ ನಾನು ಮೂರು ಸಲ ವಿವರಿಸಿದ್ದೆ. 'ಆರ್ಬಿಟ್ರರಿ ಆಕ್ಸಿಸ್' ಅಂತ ಹತ್ತು ಸಲ ಅಂದಿದ್ದೆ. ಅದು ಯಾವುದೋ ವಿಶೇಷ ಅಕ್ಷದ ಹೆಸರು ಅಂದುಕೊಂಡು ಅವಳು ಅಲ್ಲೇ ಸಿಕ್ಕಿಹಾಕಿಕೊಂಡಿದ್ದಳು. 'ಯಾವುದಾದರೂ ಒಂದು ಅಕ್ಷ' ಅಂತ ಒಮ್ಮೆ ಹೇಳಿದ್ದರೆ ಮುಗಿದಿರುತ್ತಿತ್ತು.

ಆ ದಿನ ನನಗೆ ತುಂಬಾ ಬೇಜಾರಾಯಿತು. ಕಲಿಯೋಕೆ ಅಂತಲೇ ಫೋನ್ ತೆಗೆದ ಮಗುವಿಗೆ ಅವಮಾನ ಮಾಡಿದ್ದೆ. ಆವತ್ತಿನಿಂದ ಪಾಠಕ್ಕೆ ಮುಂಚೆ ಬೋರ್ಡಿನ ಎಡಗಡೆ ಅಂಥ ಐದಾರು ಪದ ಬರೆಯುತ್ತೇನೆ, ಪಕ್ಕದಲ್ಲಿ ಕನ್ನಡ. ಡೆಸ್ಕಿನ ಕೆಳಗೆ ಕೈ ಹೋಗುವುದು ಅದರಿಂದಲೇ ಎಷ್ಟೋ ಕಡಿಮೆಯಾಯಿತು.

ಇನ್ನು ಫೋನ್ ಇಲ್ಲದೆ ನಮ್ಮ ಮಕ್ಕಳ ಕೆಲಸ ನಡೆಯುವುದೂ ಇಲ್ಲ. ಸರ್ಕಾರದ ಎಸ್‌ಎಸ್‌ಪಿ ಜಾಲತಾಣದಲ್ಲಿ ವಿದ್ಯಾರ್ಥಿವೇತನದ ಅರ್ಜಿ, ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಜಾಲತಾಣದಲ್ಲಿ ಪ್ರವೇಶ, ಪರೀಕ್ಷೆ, ಫಲಿತಾಂಶ, ಎಲ್ಲದಕ್ಕೂ ಓಟಿಪಿ ಬರುವುದು ಆ ಫೋನಿಗೇ. ಬೆಳಗ್ಗೆ ಏಳಕ್ಕೆ ಬಸ್ಸು ಹತ್ತಿ ಬರುವ ಹುಡುಗಿಗೆ ಮನೆಯಲ್ಲೇ ಇಟ್ಟು ಬಾ ಅಂದರೆ ಮನೆಯವರೂ ಒಪ್ಪುವುದಿಲ್ಲ. 2020ರಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಮೊದಲ ವರ್ಷದವರಿಗೆ ಲ್ಯಾಪ್‌ಟಾಪ್, 2021ರಲ್ಲಿ ಕೊರೊನಾ ಕಾಲದಲ್ಲಿ ಟ್ಯಾಬ್ ಕೊಟ್ಟಿದ್ದು ಸರ್ಕಾರವೇ. ಕೊಟ್ಟಿದ್ದನ್ನು ಕ್ಲಾಸಿಗೆ ತರಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಹಾಗಂತ ಸುಮ್ನೆ ಬಿಟ್ಟುಬಿಡಿ ಅಂತಲೂ ನಾನು ಹೇಳುತ್ತಿಲ್ಲ. ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಅರ್ಥಶಾಸ್ತ್ರದ ತರಗತಿಗಳನ್ನು ಮೂರು ಬಗೆ ಮಾಡಿ ನೋಡಿದರು. ಒಂದರಲ್ಲಿ ಲ್ಯಾಪ್‌ಟಾಪ್, ಟ್ಯಾಬ್ ಎರಡಕ್ಕೂ ಅನುಮತಿ. ಇನ್ನೊಂದರಲ್ಲಿ ಟ್ಯಾಬ್ ಮಾತ್ರ, ಅದೂ ಮೇಜಿನ ಮೇಲೆ ಅಂಗಾತ ಇಟ್ಟಿರಬೇಕು. ಮೂರನೆಯದರಲ್ಲಿ ಏನೂ ಇಲ್ಲ. 2017ರಲ್ಲಿ ಫಲಿತಾಂಶ ಪ್ರಕಟವಾಯಿತು. ಅನುಮತಿ ಇದ್ದ ಎರಡೂ ಗುಂಪಿನವರಿಗೆ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಿತ್ತು. ಶಿಸ್ತೇ ಉಸಿರಾಗಿರುವ ಕಡೆ ಹೀಗಾದರೆ ನಮ್ಮಲ್ಲಿ ಆಗದೆ ಇರುತ್ತದಾ?

ನನ್ನನ್ನು ಇನ್ನೂ ಜಾಸ್ತಿ ಕಾಡಿದ್ದು 2013ರಲ್ಲಿ ಕೆನಡಾದಿಂದ ಬಂದ ಒಂದು ಅಧ್ಯಯನ. ಪ್ರಯೋಗ ಸಣ್ಣದೇ. ಪಾಠ ಕೇಳುತ್ತಾ ಲ್ಯಾಪ್‌ಟಾಪಿನಲ್ಲಿ ಬೇರೆ ಕೆಲಸವನ್ನೂ ಮಾಡಿದವರಿಗೆ ಶೇ. 11ರಷ್ಟು ಕಡಿಮೆ ಅಂಕ ಬಂತು. ಇನ್ನೊಂದು ಸುತ್ತಿನಲ್ಲಿ, ತಾವು ಏನೂ ಮುಟ್ಟದೆ ಕೈಯಲ್ಲೇ ನೋಟ್ಸ್ ಬರೆಯುತ್ತಿದ್ದು, ಬೇರೆಯವರ ಪರದೆ ಮಾತ್ರ ಕಣ್ಣಿಗೆ ಬೀಳುತ್ತಿದ್ದವರಿಗೆ ಶೇ. 17ರಷ್ಟು ಕಡಿಮೆ! ಅಂದರೆ ಒಬ್ಬ ಕ್ರಿಕೆಟ್ ನೋಡಿದರೆ ಅವನ ಹಿಂದೆ ಕೂತ ಅಮಾಯಕನ ಪಾಠ ಹಾಳಾಗುತ್ತದೆ. 'ನನ್ನ ಅಂಕ, ನನ್ನಿಷ್ಟ' ಅನ್ನುವ ಹುಡುಗರಿಗೆ ನಾನು ಇದನ್ನೇ ಹೇಳುವುದು. ಬೈಗುಳಕ್ಕಿಂತ ಇದು ಹೆಚ್ಚು ನಾಟುತ್ತದೆ. ಲ್ಯಾಪ್‌ಟಾಪಿನಲ್ಲಿ ನೋಟ್ಸ್ ಮಾಡುವವರಿಗೆ ನನ್ನ ಕ್ಲಾಸಿನಲ್ಲಿ ಕೊನೆಯ ಬೆಂಚು. ಅವರ ಹಿಂದೆ ಗೋಡೆ ಮಾತ್ರ ಇರುತ್ತದೆ.

(ಕೈಯಲ್ಲಿ ಬರೆದರೆ ಜಾಸ್ತಿ ತಲೆಗೆ ಹೋಗುತ್ತದೆ ಎಂಬ 2014ರ ಅಧ್ಯಯನವನ್ನು ಯಾರಾದರೂ ನಿಮಗೆ ತೋರಿಸಬಹುದು. ಆಮೇಲೆ ಅದನ್ನೇ ಮತ್ತೆ ಮಾಡಿ ನೋಡಿದವರಿಗೆ ಅಷ್ಟು ಗಟ್ಟಿಯಾದ ಫಲಿತಾಂಶ ಸಿಗಲಿಲ್ಲ. ಅದನ್ನು ನಂಬಿ ನಿಯಮ ಮಾಡಬೇಡಿ.)

ಕೊನೆಯ ಬೆಂಚಿನ ನಿಯಮಕ್ಕೆ ಒಬ್ಬನಿಗೆ ಮಾತ್ರ ವಿನಾಯಿತಿ ಕೊಟ್ಟಿದ್ದೆ. ಬೇರೆ ವಿಭಾಗದವರೂ ಸೇರಬಹುದಾದ ಓಪನ್ ಎಲೆಕ್ಟಿವ್ ತರಗತಿಗೆ ಬರುತ್ತಿದ್ದ ಬಿ.ಎ. ಹುಡುಗ, ಕಣ್ಣು ಕಾಣುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಪರದೆಯ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಅನ್ನುವ ಉಚಿತ ತಂತ್ರಾಂಶ ಹಾಕಿಕೊಂಡು, ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮುಂದಿನ ಬೆಂಚಿನಲ್ಲೇ ಕೂರುತ್ತಿದ್ದ. ಎಲ್ಲರಿಗೂ ಬೇಡ ಅಂದು ಅವನಿಗೊಬ್ಬನಿಗೆ ಬಿಟ್ಟಿದ್ದರೆ ಪ್ರತಿ ದಿನ ಅವನತ್ತ ಬೆರಳು ತೋರಿಸಿದ ಹಾಗಾಗುತ್ತಿತ್ತು. ಪೂರ್ತಿ ನಿಷೇಧ ನನಗೆ ಒಗ್ಗದಿರಲು ಅವನೂ ಒಂದು ಕಾರಣ.

ಈಗ ನನಗೆ ಅತ್ಯಂತ ಖುಷಿ ಕೊಡುವ ವಿಷಯಕ್ಕೆ ಬರುತ್ತೇನೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಫೈಫಾಕ್ಸ್ ಅಂತ ಒಂದು ಆಪ್ ಮಾಡಿದ್ದಾರೆ. ಉಚಿತ. ಫೋನಿನೊಳಗಿನ ಮೈಕು, ವೇಗೋತ್ಕರ್ಷದ ಸೆನ್ಸರ್, ಇವೆಲ್ಲವನ್ನೂ ಅಳತೆಯ ಉಪಕರಣವಾಗಿ ಬಳಸಬಹುದು. ನಮ್ಮ ಲ್ಯಾಬಿನಲ್ಲಿ ಶಬ್ದದ ವೇಗ ಅಳೆಯುವ ರೆಸೊನೆನ್ಸ್ ಟ್ಯೂಬ್ ಇರುವುದು ಎರಡು. ಅರವತ್ತು ಮಕ್ಕಳು. ಆದರೆ ಫೋನ್ ಐವತ್ತೈದು ಇವೆ, ಅಲ್ವಾ?

ಕಾರಿಡಾರಿನಲ್ಲಿ 5 ಮೀಟರ್ ದೂರದಲ್ಲಿ ಎರಡು ಫೋನ್ ಇಡಬೇಕು. ಎರಡರಲ್ಲೂ ಶಬ್ದಕ್ಕೆ ಓಡಿ, ಶಬ್ದಕ್ಕೆ ನಿಲ್ಲುವ ಸ್ಟಾಪ್‌ವಾಚ್. ಒಂದು ಫೋನಿನ ಪಕ್ಕ ನಿಂತವಳು ಚಪ್ಪಾಳೆ ತಟ್ಟುತ್ತಾಳೆ, ಎರಡೂ ಓಡಲು ಶುರು. ಇನ್ನೊಂದರ ಪಕ್ಕ ನಿಂತವನು ತಟ್ಟುತ್ತಾನೆ, ಎರಡೂ ನಿಲ್ಲುತ್ತವೆ. ಆದರೆ ಎರಡರಲ್ಲೂ ಒಂದೇ ಸಮಯ ಇರುವುದಿಲ್ಲ. ಶಬ್ದ ಹೋಗಲು ತೆಗೆದುಕೊಂಡ ಹೊತ್ತು ಒಂದು ಫೋನಿಗೆ ಕೂಡಿದೆ, ಇನ್ನೊಂದರಿಂದ ಕಳೆದಿದೆ. ಹಾಗಾಗಿ ವ್ಯತ್ಯಾಸ 10 ಮೀಟರ್ ದಾಟುವ ಸಮಯ. ಮೊದಲ ಸಲ ಯಾರೋ ಕೆಮ್ಮಿ ಲೆಕ್ಕ ಕೆಟ್ಟಿತು. ಮೂರನೇ ಸಲ 0.029 ಸೆಕೆಂಡ್ ಬಂತು. ಭಾಗಿಸಿದರೆ ಸೆಕೆಂಡಿಗೆ ಸುಮಾರು 345 ಮೀಟರ್! ಇಡೀ ಕಾರಿಡಾರು ಕೂಗಿಕೊಂಡಿತು. ಪಕ್ಕದ ವಾಣಿಜ್ಯ ವಿಭಾಗದವರು ಏನಾಯಿತು ಅಂತ ಹೊರಗೆ ಬಂದರು. ಆ ಗಂಟೆಯಲ್ಲಿ ಒಬ್ಬರೂ ವಾಟ್ಸ್‌ಆಪ್ ತೆರೆಯಲಿಲ್ಲ. ತೆರೆಯಲು ಪುರುಸೊತ್ತಿರಲಿಲ್ಲ.

ಹಾಗಾಗಿ ನನ್ನ ಕ್ಲಾಸಿನಲ್ಲಿ ಈಗ ಒಂದೇ ಮಾತು. ಕೆಲಸ ಕೊಟ್ಟಾಗ ಫೋನ್ ಮೇಜಿನ ಮೇಲೆ, ಮುಗಿದ ತಕ್ಷಣ ಬ್ಯಾಗಿನೊಳಗೆ. ಜೇಬಿಗೆ ಬೇಡ, ಜೇಬಿನಲ್ಲಿದ್ದರೆ ಕೈ ಹೋಗುತ್ತಲೇ ಇರುತ್ತದೆ. ಓಟಿಪಿ, ಮನೆಯ ಕರೆ, ಏನಾದರೂ ಇದ್ದರೆ ಕೇಳದೆ ಎದ್ದು ಹೊರಗೆ ಹೋಗಿ ಬರಬಹುದು. ಇದನ್ನು ಮೊದಲ ದಿನವೇ ಕಾರಣ ಸಮೇತ ಹೇಳಿ. ತಪ್ಪಿದವರ ಹೆಸರು ಕರೆದು ಒಂದು ಕ್ಷಣ ಪಾಠ ನಿಲ್ಲಿಸಿ, ಸಾಕು. ಕಿತ್ತುಕೊಳ್ಳಬೇಡಿ. ನಾನು ಕಿತ್ತುಕೊಂಡು ನೋಡಿದ್ದೇನೆ.

ನಿಮ್ಮದು ಯಾವ ವಿಷಯ ಅಂತ ಬರೆದಿಲ್ಲ. ವಿಜ್ಞಾನವಾದರೆ ಫೈಫಾಕ್ಸ್‌ನಿಂದ ಶುರು ಮಾಡಿ. ಕನ್ನಡವಾದರೆ ಫೋನಿನಲ್ಲಿ ಅಲರ್ ಅನ್ನುವ ಆನ್‌ಲೈನ್ ಕನ್ನಡ-ಇಂಗ್ಲಿಷ್ ನಿಘಂಟು ತೆರೆಸಿ, ವಿ. ಕೃಷ್ಣ ಅವರು ನಾಲ್ಕು ದಶಕ ಕೂತು ಕೂಡಿಸಿದ ಒಂದೂವರೆ ಲಕ್ಷ ಪದ ಅದರಲ್ಲಿವೆ. ಬೇರೆ ವಿಷಯವಾದರೆ ಇಲ್ಲೇ ಕೆಳಗೆ ತಿಳಿಸಿ, ನಮ್ಮ ಕಾಲೇಜಿನ ಆ ವಿಭಾಗದವರನ್ನು ಕೇಳಿ ಅವರು ಏನು ಮಾಡುತ್ತಾರೆ ಅಂತ ಬರೆಯುತ್ತೇನೆ.