ಮನೆಯಲ್ಲೇ ಕಟ್ಟಿದ ಸಬ್‌ಮರೀನ್‌ನಿಂದ ಸಿಗುವುದೇನು?

ವರ್ಷಗಟ್ಟಲೆ ದುಡಿದು ಸಬ್‌ಮರೀನ್ ಕಟ್ಟಿದರೆ ಸಿಗುವುದಾದರೂ ಏನು ಅಂತ ಕೇಳಿದ್ದೀರಿ. ನನಗೆ ಸಿಕ್ಕಿದ್ದರಲ್ಲಿ ದೊಡ್ಡದು, ನನ್ನ ಕೈಗಳ ಮೇಲಿನ ನಂಬಿಕೆ. 10 ಮೀಟರ್ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ನೀರು ಸುಮಾರು 1 ಕಿಲೋ ಭಾರ ಹಾಕುತ್ತದೆ. ಅಂದ್ರೆ 50 ಸೆಂಟಿಮೀಟರ್ ಅಗಲದ ದುಂಡು ಮುಚ್ಚಳದ ಮೇಲೆ ಹತ್ತಿರ ಹತ್ತಿರ 2 ಟನ್! ಆ ಮುಚ್ಚಳದ ರಬ್ಬರ್ ರಿಂಗ್ ಕೂರಿಸಿದ್ದು ನಾನೇ. ಕೆಳಗಿಳಿದ ಮೇಲೆ ಅದರ ಸುತ್ತ ಬೆರಳಾಡಿಸಿದೆ. ಒಂದು ಹನಿಯೂ ಇರಲಿಲ್ಲ. ಅಷ್ಟು ಖುಷಿ ನನಗೆ ಬೇರೆ ಯಾವ ಕೆಲಸದಲ್ಲೂ ಸಿಕ್ಕಿಲ್ಲ.

ವೆಲ್ಡಿಂಗ್, ಬ್ಯಾಟರಿ, ತೇಲುವ ಲೆಕ್ಕ ಎಲ್ಲ ಕಲಿತೆ, ಅದಂತೂ ಇದ್ದದ್ದೇ. ಟ್ಯಾಂಕಿಗೆ ನೀರು ತುಂಬುತ್ತಾ ಕಿಟಕಿಯಾಚೆ ಬೆಳಕು ನಿಧಾನಕ್ಕೆ ಹಸಿರಾಗುತ್ತದಲ್ವಾ, ಅದನ್ನು ನೀವೂ ನೋಡಬೇಕು. ಆದರೆ ಮೊದಲು ಒಳಗೆ ಯಾರೂ ಇಲ್ಲದೆ, ಹಗ್ಗ ಕಟ್ಟಿ, ಹೋಗಬೇಕೆಂದಿರುವ ಆಳಕ್ಕಿಂತ ಜಾಸ್ತಿ ಆಳಕ್ಕೆ ಇಳಿಸಿ ನೋಡಿ.