ಕಾರು ಕಂಪನಿಗಳನ್ನು ಮುಳುಗಿಸಿದ್ದು ಕೂಲಿಯೇ?

ಬಾಗಲಕೋಟೆಯ ನವನಗರದಿಂದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಬರೆದ ಪತ್ರದ ತಿರುಳು ಇದು: ಅಮೆರಿಕದ ಕಾರು ಕಂಪನಿಗಳನ್ನು ಅಲ್ಲಿಯ ಕಾರ್ಮಿಕ ಸಂಘವೇ ಮುಳುಗಿಸಿತು, ಗಂಟೆಗೆ 70 ಡಾಲರ್ ಕೂಲಿ ಕೊಟ್ಟು ಜಪಾನಿನವರೊಡನೆ ಪೈಪೋಟಿ ನಡೆಸಲಾಗದು, ಬೆಳಗಾವಿಯ ಉದ್ಯಮಬಾಗ್‌ನಲ್ಲಿ ವಾಹನಗಳ ಬಿಡಿಭಾಗ ಎರಕ ಹೊಯ್ಯುವ ತಮ್ಮ ಅಳಿಯನಿಗೂ ಆ ಗತಿ ಬಾರದಿರಲು ಸರ್ಕಾರ ಸಂಘಗಳಿಗೆ ಮೂಗುದಾರ ಹಾಕಬೇಕು.

ಮಾನ್ಯರೇ, ಅಮೆರಿಕದ ಕಾರು ನಗರ ಡೆಟ್ರಾಯಿಟ್‌ನ ಸುದ್ದಿಯನ್ನೂ ಉದ್ಯಮಬಾಗ್‌ನ ಕುಲುಮೆಯನ್ನೂ ಒಟ್ಟಿಗಿಟ್ಟು ಯೋಚಿಸುವ ಓದುಗರು ನಮಗಿದ್ದಾರೆಂಬುದು ಹೆಮ್ಮೆಯ ವಿಷಯ. ಆದರೆ ಬ್ಯಾಂಕಿನಲ್ಲಿ ಆಯುಷ್ಯ ಸವೆಸಿದ ತಾವು ಆ 70 ಡಾಲರನ್ನು ಬಿಡಿಸಿ ನೋಡದೆ ನಂಬಿದಿರಲ್ಲ! 2008ರ ಆರ್ಥಿಕ ಬಿಕ್ಕಟ್ಟಿನಲ್ಲಿ ಎಲ್ಲರ ಬಾಯಲ್ಲೂ ಇದ್ದ ಅಂಕಿ ಅದು. ಅನುಭವಿ ಕಾರ್ಮಿಕನ ಮೂಲ ಕೂಲಿ ಆಗ ಗಂಟೆಗೆ ಸುಮಾರು 28 ಡಾಲರ್ ಇತ್ತು. ಅದಕ್ಕೆ ಭತ್ಯೆ, ವಿಮೆಗಳನ್ನಷ್ಟೇ ಅಲ್ಲ, ಎಂದೋ ನಿವೃತ್ತರಾದವರ ಪಿಂಚಣಿಯನ್ನೂ ಆಸ್ಪತ್ರೆಯ ಖರ್ಚನ್ನೂ ಕೂಡಿಸಿ, ಉಳಿದ ಕಾರ್ಮಿಕರು ದುಡಿದ ಗಂಟೆಗಳಿಂದ ಭಾಗಿಸಲಾಗಿತ್ತು. ಕಾರ್ಮಿಕರನ್ನು ಕಡಿತ ಮಾಡಿದಷ್ಟೂ ಆ ಅಂಕಿ ತಾನಾಗಿ ಏರುತ್ತಿತ್ತು. ತಮ್ಮ ಪಿಂಚಣಿಯನ್ನು ಇಂದು ಕೌಂಟರಿನಲ್ಲಿ ಕುಳಿತ ಹುಡುಗಿಯ ಪಗಾರಕ್ಕೆ ಸೇರಿಸಿ, ‘ಎಷ್ಟು ತಗೋತಾಳ ನೋಡ್ರಿ’ ಎಂದರೆ ತಾವು ಒಪ್ಪುವಿರಾ?

ಸಂಘದ್ದು ಏನೂ ತಪ್ಪಿಲ್ಲವೆಂದು ನಾನು ಹೇಳುತ್ತಿಲ್ಲ. ಕೆಲಸವಿಲ್ಲದೆ ಕುಳಿತವರಿಗೂ ಹೆಚ್ಚುಕಡಿಮೆ ಪೂರ್ತಿ ಸಂಬಳ ಕೊಡಿಸುತ್ತಿದ್ದ ‘ಜಾಬ್ಸ್ ಬ್ಯಾಂಕ್’ ಒಪ್ಪಂದವನ್ನು ಸಮರ್ಥಿಸುವುದು ಕಷ್ಟ. ಆದರೂ 2009ರಲ್ಲಿ ಜನರಲ್ ಮೋಟಾರ್ಸ್ ಮತ್ತು ಕ್ರೈಸ್ಲರ್ ದಿವಾಳಿ ನ್ಯಾಯಾಲಯಕ್ಕೆ ಹೋದಾಗ, ಅದೇ ಸಂಘದ ಕಾರ್ಮಿಕರಿದ್ದ ಫೋರ್ಡ್ ಹೋಗಲಿಲ್ಲ; 2006ರಲ್ಲೇ ಆಸ್ತಿಗಳನ್ನು ಅಡವಿಟ್ಟು ದೊಡ್ಡ ಸಾಲ ಎತ್ತಿಟ್ಟುಕೊಂಡಿತ್ತು. ಕಷ್ಟಕಾಲಕ್ಕೆ ಕೈಯಲ್ಲಿ ಹಣವಿರುವುದರ ಬೆಲೆ ತಮಗಿಂತ ಚೆನ್ನಾಗಿ ಬಲ್ಲವರಾರು?

ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರ್ಖಾನೆಯ ಕಥೆಯನ್ನಂತೂ ತಾವು ಓದಲೇಬೇಕು. ಗೈರುಹಾಜರಿ, ಜಗಳ, ಕಳಪೆ ಕಾರುಗಳಿಗೆ ಕುಖ್ಯಾತವಾಗಿದ್ದ ಅದನ್ನು ಜನರಲ್ ಮೋಟಾರ್ಸ್ 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೋಟಾ ಪಾಲುದಾರಿಕೆಯಲ್ಲಿ ಅಲ್ಲಿಯೇ ಮತ್ತೆ ಕಾರು ತಯಾರಿ ಶುರುವಾದಾಗ ಬಂದವರಲ್ಲಿ ಬಹುಪಾಲು ಹಳೆಯ ಕಾರ್ಮಿಕರೇ, ಸಂಘವೂ ಹಳೆಯದೇ. ದೋಷ ಕಂಡರೆ ಯಾವ ಕಾರ್ಮಿಕನಾದರೂ ಹಗ್ಗ ಜಗ್ಗಿ ಕಾರು ಜೋಡಿಸುವ ಇಡೀ ಸಾಲನ್ನೇ ನಿಲ್ಲಿಸಬಹುದೆಂಬ ಅಧಿಕಾರವನ್ನು ಟೊಯೋಟಾ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಅಲ್ಲಿಯ ಕಾರುಗಳು ಜನರಲ್ ಮೋಟಾರ್ಸ್‌ನ ಅತ್ಯುತ್ತಮ ಕಾರುಗಳ ಸಾಲಿಗೆ ಸೇರಿದವು. ಬದಲಾದದ್ದು ಆಡಳಿತ.

ಅಗ್ಗದ ಕೂಲಿಯೇ ಗೆಲುವಿನ ಗುಟ್ಟಾಗಿದ್ದರೆ ಫೋರ್ಡ್ ನಮ್ಮ ದೇಶದಲ್ಲಿ ನಷ್ಟದ ಮೇಲೆ ನಷ್ಟ ಉಂಡು, 2021ರಲ್ಲಿ ಇಲ್ಲಿ ಕಾರು ತಯಾರಿಸುವುದನ್ನು ಬಿಡುವೆನೆಂದು ಏಕೆ ಘೋಷಿಸಿತು? ನಮ್ಮವರಿಗೆ ಬೇಕಾದ ಕಾರು, ಬೇಕಾದ ಬೆಲೆಗೆ ಅದರ ಬಳಿ ಇರಲಿಲ್ಲ, ಅಷ್ಟೇ.

ಇನ್ನು ಅಳಿಯಂದಿರ ಫೌಂಡ್ರಿ. ಎರಕದ ಅಚ್ಚಿನ ಹಿಡಿ ಮರಳನ್ನು ಮುಷ್ಟಿಯಲ್ಲಿ ಹಿಚುಕಿ, ಮುರಿದು, ಅಂಚು ನೋಡಿಯೇ ತೇವ ಹೆಚ್ಚೋ ಕಡಿಮೆಯೋ ಹೇಳಬಲ್ಲ ಹಿರಿಯ ಕೈಗಳು ಬೆಳಗಾವಿಯಲ್ಲಿ ಇನ್ನೂ ಇವೆ. ಅಂಥವನನ್ನು ಬಿಡಿಸಿ, ಆರು ತಿಂಗಳಿಗೊಮ್ಮೆ ಬದಲಾಗುವ ಗುತ್ತಿಗೆ ಹುಡುಗನನ್ನು ನಿಲ್ಲಿಸಿದರೆ ಪಗಾರ ಉಳಿಯುತ್ತದೆ. ಆದರೆ ತೇವ ಹೆಚ್ಚಾದ ಅಚ್ಚಿನಲ್ಲಿ ಹೊಯ್ದ ಎರಕದೊಳಗೆ ಗಾಳಿಗುಳ್ಳೆ ಕೂರುತ್ತದೆ, ಖರೀದಿದಾರ ಮಾಲು ತಿರುಗಿಸುತ್ತಾನೆ, ಅದೇ ಕಬ್ಬಿಣವನ್ನು ಮತ್ತೆ ಕರಗಿಸಲು ವಿದ್ಯುತ್ ಬಿಲ್ಲು ಎರಡು ಸಲ ಬೀಳುತ್ತದೆ. ಈ ಖರ್ಚನ್ನು ಕೂಲಿಯ ಖಾತೆಗೆ ಬರೆಯುವುದು ಯಾವ ನ್ಯಾಯ?

ಅಷ್ಟು ಮಾಡಿದರೂ ದುಡ್ಡು ವೇಳೆಗೆ ಬರುತ್ತದೆಯೇ? ಸಣ್ಣ ಕೈಗಾರಿಕೆಗಳ ಬಿಲ್ಲನ್ನು ಹೆಚ್ಚೆಂದರೆ 45 ದಿನಗಳೊಳಗೆ ಪಾವತಿಸಬೇಕೆಂದು 2006ರ ಕಾಯ್ದೆ ಹೇಳುತ್ತದೆ. ಬಾಕಿ ಉಳಿಸಿಕೊಂಡೇ ‘ಈ ವರ್ಷ ದರ ಇಳಿಸಿ’ ಎನ್ನುವ ದೊಡ್ಡ ಖರೀದಿದಾರರ ಮೇಲೆ ದೂರು ಕೊಡಲು ನಮ್ಮ ಮಾಲೀಕರಿಗೆ ಧೈರ್ಯವಿಲ್ಲ, ಏಕೆಂದರೆ ಮುಂದಿನ ಆರ್ಡರು ಕೈತಪ್ಪುತ್ತದೆ. ಮೇಲಿನವನನ್ನು ಕೇಳಲಾಗದ ಸಿಟ್ಟು ಕೆಳಗಿನವನ ಮೇಲೆ ಇಳಿಯುತ್ತದೆ. ಪತ್ರಿಕೆಗಳೂ ಮುಷ್ಕರವನ್ನು ಮುಖಪುಟದಲ್ಲಿ ಹಾಕಿ ಬಾಕಿ ಬಿಲ್ಲಿನ ಸುದ್ದಿಯನ್ನು ಕೈಬಿಡುತ್ತವೆ.

ಕಳೆದ ವರ್ಷ ತಿರುಗಿ ಬಂದ ಮಾಲಿನಿಂದಾದ ನಷ್ಟ, ಬಿಲ್ಲುಗಳು ತಡವಾದದ್ದರಿಂದ ಬ್ಯಾಂಕಿಗೆ ಕಟ್ಟಿದ ಬಡ್ಡಿ, ಒಟ್ಟು ಪಗಾರ ಈ ಮೂರನ್ನೂ ಅಳಿಯಂದಿರು ಬರೆದು ಕಳಿಸಲಿ. ಹೆಸರು ಮರೆಮಾಚಿ, ಒಂದಂಕಿಯನ್ನೂ ತಿದ್ದದೆ ಪ್ರಕಟಿಸುತ್ತೇವೆ.